ಆನವಟ್ಟಿಯಲ್ಲಿ ಮೂರನೇ ಮಳೆಗಾಲಕ್ಕೆ ಕಾಯುತ್ತಿರುವ ಗದ್ದೆ

ಶಿಕಾರಿಪುರ, ಶಿರಾಳಕೊಪ್ಪ ದಾಟಿ ಹಾನಗಲ್ ಕಡೆಗೆ ಹೊರಟರೆ ಆನವಟ್ಟಿ ಸಿಗುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಊರು. ಮಲೆನಾಡು ಅನ್ನೋಕೆ ಇಲ್ಲಿ ಆ ಮಟ್ಟದ ಕಾಡಿಲ್ಲ, ಬಯಲುಸೀಮೆ ಅನ್ನೋಕೆ ಹಸಿರು ಜಾಸ್ತಿ. ಊರಿನ ಮಾತೂ ಹಾಗೇ. ಒಂದು ಅಂಗಡಿಯಲ್ಲಿ ‘ಇದೆ’ ಅಂತಾರೆ, ಪಕ್ಕದ ಅಂಗಡಿಯಲ್ಲಿ ‘ಐತಿ’ ಅಂತಾರೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಬೆಳೆಗಳೂ ಹೀಗೇ ಬೆರೆತುಕೊಂಡಿವೆ. ತಗ್ಗಿನಲ್ಲಿ ಭತ್ತ, ದಿಬ್ಬದಲ್ಲಿ ಮೆಕ್ಕೆಜೋಳ, ನೀರಿರುವಲ್ಲಿ ಅಡಿಕೆ, ನಡುನಡುವೆ ಮಡಿ ಏರಿಸಿ ಮಾಡಿದ ಶುಂಠಿ.

ಈ ಸಲ ನಾನು ಹೋಗಿದ್ದು ದಸರಾ ಮುಗಿದ ಮೇಲಿನ ಹುಣ್ಣಿಮೆಗೆ. ನನ್ನ ಸೋದರಮಾವನ ಮನೆ ಆನವಟ್ಟಿಯಿಂದ ಸ್ವಲ್ಪ ಒಳಗೆ ಇದೆ. ಎರಡು ಎಕರೆ ಗದ್ದೆ, ಅದರ ಮೇಲ್ಭಾಗಕ್ಕೆ ಎರಡು ಎಕರೆ ಹೊಲ. ಕಳೆದ ವರ್ಷದಿಂದ ಮಾವ ಗದ್ದೆಗೆ ರಾಸಾಯನಿಕ ಗೊಬ್ಬರ ಹಾಕುವುದನ್ನು ನಿಲ್ಲಿಸಿದ್ದಾರೆ. ಈಗ ಗದ್ದೆಯಲ್ಲಿರುವುದು ಎರಡನೇ ಬೆಳೆ. ಬೆಂಗಳೂರಿನಲ್ಲಿ ನಾವು ‘ಆರ್ಗ್ಯಾನಿಕ್’ ಅಂತ ಚೀಟಿ ಅಂಟಿಸಿದ ಅಕ್ಕಿಗೆ ಕೆಜಿಗೆ ನೂರು ರೂಪಾಯಿಗೂ ಮೇಲೆ ಕೊಡ್ತೀವಲ್ಲ, ಆ ದುಡ್ಡು ಯಾವುದಕ್ಕೆ ಹೋಗುತ್ತೆ, ಯಾವುದಕ್ಕೆ ಹೋಗಲ್ಲ ಅನ್ನೋದು ಈ ಎರಡು ಎಕರೆಯಲ್ಲಿ ನನಗೆ ಸ್ಪಷ್ಟವಾಯಿತು.

ಮೊದಲು ಊರು ನೋಡೋಣ

ಆನವಟ್ಟಿಗೆ ಬಂದವರು ಕೋಟಿಪುರದ ಕೈಟಭೇಶ್ವರ ದೇವಸ್ಥಾನ ನೋಡದೆ ಹೋಗಬಾರದು. ಊರಿಗೆ ಹತ್ತಿರದಲ್ಲೇ ಇದೆ. ಕಲ್ಯಾಣ ಚಾಲುಕ್ಯರ ಕಾಲದ, ಹೆಚ್ಚುಕಡಿಮೆ ಒಂಬೈನೂರು ವರ್ಷ ಹಳೆಯ ಗುಡಿ. ಸಭಾಮಂಟಪದ ನುಣುಪು ಕಂಬಗಳ ನಡುವೆ ಮಧ್ಯಾಹ್ನದಲ್ಲೂ ತಂಪು. ವಾರದ ದಿನಗಳಲ್ಲಿ ಹೋದರೆ ನೀವು, ಕಾವಲಿನವರು, ಪಾರಿವಾಳ, ಇಷ್ಟೇ. ಪಕ್ಕದ ಕುಬಟೂರು ಶಾಸನಗಳಲ್ಲಿ ಕುಪ್ಪಟೂರು ಅಂತ ಬರುವ ಊರು.

ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಇದೆ, ತಾಳಗುಂದ ಇದೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬ ಶಾಸನವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಕದಂಬರ ಮಯೂರಶರ್ಮನ ಕಥೆಗಾಗಿ. ಆದರೆ ಐದನೇ ಶತಮಾನದ ಆ ಶಾಸನ ಕೆತ್ತಿಸಿದ ಸಂದರ್ಭವೇ ಬೇರೆ. ಕಾಕುಸ್ಥವರ್ಮ ಅಲ್ಲಿ ಒಂದು ಕೆರೆ ಕಟ್ಟಿಸಿದ ಅನ್ನೋದನ್ನು ದಾಖಲಿಸಲಿಕ್ಕೆ ಅದು ನಿಂತಿದೆ. ರಾಜವಂಶದ ಇಡೀ ಇತಿಹಾಸ ಒಂದು ಕೆರೆಯ ನೆಪದಲ್ಲಿ ನಮಗೆ ಸಿಕ್ಕಿದೆ ಅಂದರೆ ಈ ಸೀಮೆಗೆ ಕೆರೆ ಎಷ್ಟು ದೊಡ್ಡ ಸಂಗತಿ ಅಂತ ಗೊತ್ತಾಗುತ್ತೆ.

ಕೆರೆ ಬರೀ ನೀರಿಗಲ್ಲ, ಗೊಬ್ಬರಕ್ಕೂ ಬೇಕಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ತೆಗೆದು ಗಾಡಿಯಲ್ಲಿ ಹೊಲಗದ್ದೆಗೆ ಹೊಡೆಯುತ್ತಿದ್ದರು. ಮಳೆ ಮೇಲಿನ ಹೊಲದಿಂದ ಕೊಚ್ಚಿ ತಂದ ಸಾರವನ್ನು ಜನ ವಾಪಸ್ ಹೊತ್ತು ಹಾಕುತ್ತಿದ್ದರು. ಕೆರೆಯೂ ಆಳವಾಗುತ್ತಿತ್ತು, ಗದ್ದೆಯೂ ಉಣ್ಣುತ್ತಿತ್ತು. ಇದರ ಜೊತೆಗೆ ಕೊಟ್ಟಿಗೆ ಗೊಬ್ಬರ. ದನದ ಕಾಲಡಿಗೆ ಸೊಪ್ಪು, ದರಗು ಹಾಸಿ, ಸಗಣಿ ಗಂಜಲದಲ್ಲಿ ನೆನೆಸಿ, ತಿಪ್ಪೆಗೆ ಹಾಕಿ ಕೊಳೆಸಿದ್ದು. ಅಡಿಕೆ ತೋಟದವರಿಗೆ ಇದಕ್ಕಾಗಿಯೇ ‘ಸೊಪ್ಪಿನ ಬೆಟ್ಟ’ ಅಂತ ಕಾಡಿನ ಹಕ್ಕು ಇತ್ತು. ಪಕ್ಕದ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಡುತ್ತಿದ್ದರು. ಒಂದು ಎಕರೆಯನ್ನು ಸಾಕಲು ಒಂಬತ್ತು ಎಕರೆ! ಹಳೆಯ ಕೃಷಿಯನ್ನು ‘ಖರ್ಚಿಲ್ಲದ್ದು’ ಅಂತ ಹೊಗಳುವವರು ಈ ಲೆಕ್ಕವನ್ನು ಮರೆತುಬಿಡುತ್ತಾರೆ. ಖರ್ಚು ಇತ್ತು. ಅದು ಕಾಡಿನ, ದನದ, ಮನೆಯ ಹೆಂಗಸರು ಮಕ್ಕಳ ದುಡಿಮೆಯ ರೂಪದಲ್ಲಿ ಇತ್ತು.

ಒಂದು ಚೀಲ ಯೂರಿಯಾ ಅಂದರೆ ಎಷ್ಟು ಸಗಣಿ?

ಯೂರಿಯಾ ಚೀಲ ಈಗ 45 ಕೆಜಿ. 2018ಕ್ಕೆ ಮುಂಚೆ 50 ಇತ್ತು. ರೈತ ಒಂದು ಚೀಲಕ್ಕೆ ಕೊಡುವುದು ಸುಮಾರು 266 ರೂಪಾಯಿ, ಉಳಿದದ್ದು ಸರ್ಕಾರದ ಸಬ್ಸಿಡಿ. ಅದರಲ್ಲಿ ಶೇ 46 ಸಾರಜನಕ. ಅಂದರೆ ಚೀಲಕ್ಕೆ ಹತ್ತಿರಹತ್ತಿರ 21 ಕೆಜಿ.

ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5. ಈಗ ಭಾಗಿಸಿ ನೋಡಿ. ಒಂದು ಚೀಲ ಯೂರಿಯಾದಲ್ಲಿ ಇರುವಷ್ಟು ಸಾರಜನಕ ಬೇಕಾದರೆ 4 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಅಂಗಡಿಯಿಂದ ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಒಂದು ಚೀಲ ಒಂದು ಕಡೆ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ತುಂಬಿ ತರಬೇಕಾದ ಗೊಬ್ಬರ ಇನ್ನೊಂದು ಕಡೆ. ರೈತರು ಯಾಕೆ ಯೂರಿಯಾ ಹಿಡಿದರು ಅನ್ನೋದಕ್ಕೆ ಬೇರೆ ಉಪನ್ಯಾಸ ಬೇಡ.

ಮಾವ ಮೊದಲು ಎಕರೆಗೆ ಎರಡು ಚೀಲ ಹಾಕುತ್ತಿದ್ದರು. ಅದು 41 ಕೆಜಿ ಸಾರಜನಕ. ಮನೆಯಲ್ಲಿರುವುದು ಎರಡು ದನ, ಒಂದು ಎಮ್ಮೆ. ಒಂದಕ್ಕೆ ದಿನಕ್ಕೆ 10 ಕೆಜಿ ಸಗಣಿ ಅಂತ ಹಿಡಿದರೆ ವರ್ಷಕ್ಕೆ ಮೂರರಿಂದ 11 ಟನ್. ಕೊಳೆತು ಗೊಬ್ಬರವಾಗುವಾಗ ಅರ್ಧ ಉಳಿಯಿತು ಅಂದುಕೊಂಡರೆ ಐದೂವರೆ ಟನ್. ಎರಡು ಎಕರೆಗೆ ಹಂಚಿದರೆ ಎಕರೆಗೆ 14 ಕೆಜಿ ಸಾರಜನಕ. ಇನ್ನೂ 27 ಕೆಜಿ ಬಾಕಿ.

‘ಜೀವಾಮೃತ ಇದೆಯಲ್ಲ’ ಅನ್ನಬಹುದು ನೀವು. ನಾನೂ ಅದನ್ನೇ ಕೇಳಿದೆ. ಸುಭಾಷ್ ಪಾಳೇಕರ್ ಅವರ ಪದ್ಧತಿಯಲ್ಲಿ ಎಕರೆಗೆ ಒಮ್ಮೆ ಕೊಡುವ ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಎಲ್ಲಾ ಸೇರಿಸಿ ಲೆಕ್ಕ ಹಾಕಿದರೆ ಸಾರಜನಕ ಕಾಲು ಕೆಜಿ ಮುಟ್ಟುವುದೂ ಕಷ್ಟ. ಅದನ್ನು ಮಾಡುವವರೂ ಅದು ಗೊಬ್ಬರ ಅನ್ನೋದಿಲ್ಲ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹಾಕುವ ಹೆಪ್ಪು ಅಂತಾರೆ. ಸರಿ, ಹೆಪ್ಪೇ ಇರಲಿ. ಆದರೆ ಹೆಪ್ಪು ಹಾಕಬೇಕಾದರೆ ಮೊದಲು ಪಾತ್ರೆಯಲ್ಲಿ ಹಾಲಿರಬೇಕು.

ಆ ‘ಹಾಲು’ ಮಾವನ ಗದ್ದೆಗೆ ಬರುವುದು ಹಸಿರೆಲೆ ಗೊಬ್ಬರದಿಂದ. ಕೃತ್ತಿಕೆ ಮಳೆಗೆ ಗದ್ದೆಯಲ್ಲಿ ಡಯಾಂಚ ಬಿತ್ತುತ್ತಾರೆ. ಸೆಣಬಿನ ಥರದ ಗಿಡ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ನಲವತ್ತೈದು ದಿನಕ್ಕೆ ಸೊಂಟದ ಮಟ್ಟಕ್ಕೆ ಬಂದಾಗ ಹೂ ಬಿಡುವ ಮುಂಚೆ ಗದ್ದೆಯಲ್ಲೇ ಉತ್ತು ಮಣ್ಣಿಗೆ ಸೇರಿಸುತ್ತಾರೆ. ಆಮೇಲೆ ನಾಟಿ. ಚೆನ್ನಾಗಿ ಬೆಳೆದರೆ ಎಕರೆಗೆ 25 ಕೆಜಿವರೆಗೆ ಸಾರಜನಕ ಸಿಗುತ್ತದೆ. ಇದರ ಜೊತೆ ಬದುವಿನ ಮೇಲೆ ಸಾಲಾಗಿ ನೆಟ್ಟ ಗ್ಲಿರಿಸಿಡಿಯಾ ಸೊಪ್ಪು. ಇಲ್ಲಿ ಅದನ್ನು ‘ಗೊಬ್ಬರದ ಗಿಡ’ ಅಂತಲೇ ಕರೆಯುತ್ತಾರೆ.

ಮೊಬೈಲ್‌ನಲ್ಲಿ ಕೂಡಿಸಿದೆ. 14 ಮತ್ತು 25, ಒಟ್ಟು 39. ಸೊಪ್ಪಿನದ್ದು ಬೇರೆ.

“ಮಾವ, ಲೆಕ್ಕ ಸರಿ ಹೋಯ್ತಲ್ಲ!” ಅಂದೆ.

“ನಿನ್ನ ಮೊಬೈಲಿನಾಗ ಸರಿ ಹೋತು ತಮ್ಮಾ. ಹೋದ ವರ್ಷ ಕೃತ್ತಿಕೆ ಮಳೆ ಎಲ್ಲಿ ಬಂತು? ಡಯಾಂಚ ಮೊಳಕಾಲಿಗೂ ಬರ್ಲಿಲ್ಲ. ಇನ್ನ ಕೊಟ್ಟಿಗೆ ಗೊಬ್ಬರ ಅಂದ್ರ ಹಾಕಿದ ವರ್ಷನೇ ಎಲ್ಲಾ ಕೊಡಂಗಿಲ್ಲ. ಈ ವರ್ಷ ಒಂದಿಷ್ಟು, ಮುಂದಿನ ವರ್ಷ ಒಂದಿಷ್ಟು. ಹಿಂದಿನ ವರ್ಷದ್ದು ಇದ್ರ ಅಲ್ವಾ ಈ ವರ್ಷಕ್ಕ ಸಿಗೋದು?”

ಮಾವ ಹೇಳಿದ್ದರಲ್ಲಿ ಇಡೀ ವಿಷಯ ಇದೆ. ಯೂರಿಯಾ ನೀರಿನಲ್ಲಿ ಕರಗಿ ಕೆಲವೇ ದಿನದಲ್ಲಿ ಬೆಳೆಗೆ ಸಿಗುತ್ತದೆ. ಭತ್ತದ ಗದ್ದೆಯಲ್ಲಿ ಅದರ ಸುಮಾರು ಮೂರನೇ ಒಂದು ಭಾಗ ಮಾತ್ರ ಗಿಡಕ್ಕೆ ಹೋಗುತ್ತದೆ. ಉಳಿದದ್ದು ಗಾಳಿಗೆ, ನೀರಿಗೆ. ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗುತ್ತದೆ, ಅದು ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇನ್ನೂರೆಪ್ಪತ್ತು ಪಟ್ಟು ಜೋರು. ಸಾವಯವ ಗೊಬ್ಬರ ಇದರ ತದ್ವಿರುದ್ಧ. ಮಣ್ಣಿನಲ್ಲಿ ಕೂಡಿಡುತ್ತದೆ, ನಿಧಾನ ಬಿಡುತ್ತದೆ. ಹಾಗಾಗಿ ಮೊದಲ ವರ್ಷ ಮಣ್ಣಿನ ಖಾತೆಯಲ್ಲಿ ಏನೂ ಜಮೆ ಇರುವುದಿಲ್ಲ. ಮಾವನಿಗೆ ಮೊದಲು ಎಕರೆಗೆ 20 ಕ್ವಿಂಟಲ್ ಭತ್ತ ಬರುತ್ತಿತ್ತು. ಹೋದ ವರ್ಷ 12 ಬಂತು. ಈ ವರ್ಷ 14 ಬಂದೀತು ಅನ್ನೋ ಆಸೆ.

ನಮ್ಮ ಕೆಲಸದಲ್ಲಿ ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವಾಗ ಎರಡನ್ನೂ ಕೆಲವು ತಿಂಗಳು ಒಟ್ಟಿಗೆ ಓಡಿಸ್ತೀವಿ. ಆ ಖರ್ಚನ್ನು ಕಂಪನಿ ಕೊಡುತ್ತೆ. ಗದ್ದೆಯಲ್ಲಿ ಆ ಖರ್ಚು ಯಾರದು?

ಕಾಯುವ ವರ್ಷಗಳಿಗೆ ಬೆಲೆ ಇಲ್ಲ

ನಿಯಮ ಹೀಗಿದೆ. ರಾಸಾಯನಿಕ ನಿಲ್ಲಿಸಿದ ಮರುದಿನ ಅಕ್ಕಿ ಸಾವಯವ ಆಗುವುದಿಲ್ಲ. ಭತ್ತದಂಥ ವಾರ್ಷಿಕ ಬೆಳೆಗೆ ಬಿತ್ತನೆಗೂ ಮುಂಚೆ ಎರಡು ವರ್ಷ, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೂ ಮುಂಚೆ ಮೂರು ವರ್ಷ ‘ಪರಿವರ್ತನೆಯ ಅವಧಿ’. ಅಂದರೆ ಮಾವನ ಗದ್ದೆಯಲ್ಲಿ ಮೂರನೇ ಮಳೆಗಾಲದ ಬೆಳೆಗೇ ಆ ಹೆಸರು. ಹೋದ ವರ್ಷದ 12 ಕ್ವಿಂಟಲ್, ಈ ವರ್ಷದ 14 ಕ್ವಿಂಟಲ್ ಮಾರುಕಟ್ಟೆಯಲ್ಲಿ ಮಾಮೂಲಿ ಭತ್ತದ ರೇಟಿಗೇ ಹೋಗಬೇಕು. ಇಳುವರಿ ಸಾವಯವದ್ದು, ಬೆಲೆ ರಾಸಾಯನಿಕದ್ದು.

ಪ್ರಮಾಣಪತ್ರಕ್ಕೆ ಎರಡು ದಾರಿ. ರಫ್ತು ಮಾಡುವವರಿಗೆ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ. ನಮ್ಮ ದೇಶದೊಳಗೆ ಮಾರುವವರಿಗೆ ಪಿಜಿಎಸ್, ಅಂದರೆ ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವ ಪದ್ಧತಿ. ಮಾವ ಎರಡನೆಯದರಲ್ಲಿ ಇದ್ದಾರೆ, ಗುಂಪಿನಲ್ಲಿ ಏಳು ಜನ. ದೂರದಿಂದ ನೋಡಿದರೆ ‘ಅವರವರೇ ಸಹಿ ಹಾಕಿಕೊಂಡರೆ ನಂಬೋದು ಹೇಗೆ’ ಅನ್ನಿಸುತ್ತೆ. ಊರಲ್ಲಿ ಕೂತು ನೋಡಿದರೆ ಬೇರೆ. ಯಾರ ಗದ್ದೆಯ ಬದುವಿನ ಮೇಲೆ ಯೂರಿಯಾ ಚೀಲ ಬಿದ್ದಿದೆ ಅನ್ನೋದು ಸಂಜೆಯೊಳಗೆ ಚಹಾ ಅಂಗಡಿಗೆ ಗೊತ್ತಾಗಿರುತ್ತೆ. ಹೊರಗಿನ ತಪಾಸಕರಿಗಿಂತ ನೆರೆಯವರ ಕಣ್ಣು ಚುರುಕು.

ಶಿವಮೊಗ್ಗ ಜಿಲ್ಲೆಗೆ ಇದು ಹೊಸದಲ್ಲ. ತೀರ್ಥಹಳ್ಳಿಯ ಪುರುಷೋತ್ತಮ ರಾವ್ ಕಟ್ಟಿದ ‘ಕೃಷಿ ಪ್ರಯೋಗ ಪರಿವಾರ’ ರೈತರೇ ಪ್ರಯೋಗ ಮಾಡಿ ರೈತರಿಗೇ ತೋರಿಸುವ ದಾರಿ ಹಿಡಿದಿತ್ತು. ರಾಜ್ಯ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ತಿಳಿವಳಿಕೆಗೆ ಬರ ಇಲ್ಲ. ಬರ ಇರುವುದು ನಡುವಿನ ಎರಡು ವರ್ಷ ದಾಟಿಸುವ ದುಡ್ಡಿಗೆ.

ಮೇಲಿನ ಹೊಲಕ್ಕೆ ಶುಂಠಿ ಬಂದರೆ

ನಾನು ಹೋದ ದಿನ ಅತ್ತೆ ಕಾಫಿ ಕೊಡುತ್ತಾ ಹೇಳಿದರು: “ಶುಂಠಿ ಮಾಡೋರು ಬಂದಿದ್ರಪ್ಪ. ಮೇಲಿನ ಹೊಲ ಕೇಳ್ತಾ ಇದಾರ.”

ಈ ಭಾಗದಲ್ಲಿ ಇದು ಮಾಮೂಲು. ಹೊರಗಿನವರೋ ಊರಿನವರೋ ಹೊಲವನ್ನು ಒಂದು, ಒಂದೂವರೆ ವರ್ಷಕ್ಕೆ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಾರೆ. ದುಡ್ಡು ಮುಂಗಡ. ಮಳೆ ಬರಲಿ, ಬಿಡಲಿ, ರೇಟು ಬೀಳಲಿ, ಏಳಲಿ, ಹೊಲದ ಮಾಲೀಕನಿಗೆ ತಲೆಬಿಸಿ ಇಲ್ಲ. ಆ ಎರಡು ಎಕರೆಗೆ ಸಿಗುವ ಗುತ್ತಿಗೆ ದುಡ್ಡು ಮೆಕ್ಕೆಜೋಳದಲ್ಲಿ ಉಳಿಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಾವನ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಮುಂದಿನ ಜೂನ್‌ನಲ್ಲಿ ಕಾಲೇಜು, ಹಾಸ್ಟೆಲ್. ಬೇರೆ ಮಾತು ಹೇಳಬೇಕಿಲ್ಲ.

ಶುಂಠಿ ಸಾಧು ಬೆಳೆಯಲ್ಲ. ಗಡ್ಡೆ ಕೊಳೆಯುವ ರೋಗ ಬಂದರೆ ಮಡಿಗೆ ಮಡಿಯೇ ಹಳದಿಯಾಗಿ ಮಲಗುತ್ತದೆ. ಅದಕ್ಕೇ ಬೀಜದ ಗಡ್ಡೆಯಿಂದ ಹಿಡಿದು ಕೀಳುವವರೆಗೆ ಔಷಧಿ ಹೊಡೆಯುತ್ತಾರೆ. ರೋಗ ಮಣ್ಣಿನಲ್ಲಿ ಉಳಿಯುವುದರಿಂದ ಅದೇ ಜಾಗಕ್ಕೆ ಮರುವರ್ಷ ಬರುವುದಿಲ್ಲ, ಹೊಸ ಹೊಲ ಹುಡುಕುತ್ತಾರೆ. ಹಾಗಾಗಿ ಈ ಬೆಳೆ ಊರಿಂದ ಊರಿಗೆ ಸರಿಯುತ್ತಾ ಹೋಗುತ್ತದೆ. ಬೆಳೆಯುವವರನ್ನು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರೂ ಸಾಲ ಮಾಡಿ ಜೂಜಾಡುವವರೇ. ಶುಂಠಿ ರೇಟು ಬಿದ್ದ ವರ್ಷ ಗಡ್ಡೆ ಕೀಳದೆ ಹೊಲದಲ್ಲೇ ಬಿಟ್ಟವರನ್ನು ಊರು ನೋಡಿದೆ.

ಮಾವನ ಸಂಕಟ ಇಳಿಜಾರಿನದು. ಹೊಲ ಮೇಲೆ, ಗದ್ದೆ ಕೆಳಗೆ. ಮಳೆಗಾಲದಲ್ಲಿ ಹೊಲದ ನೀರೆಲ್ಲಾ ಗದ್ದೆಗೇ ಇಳಿಯುತ್ತದೆ. ಮೇಲೆ ಶುಂಠಿ ಬಂದರೆ ಔಷಧಿಯ ನೀರು ಕೆಳಗೆ ಬರುತ್ತದೆ. ಗುಂಪಿನವರು ಸಹಿ ಹಾಕುವುದಿಲ್ಲ, ಹಾಕಲೂ ಬಾರದು. ಮೇಲಿನ ಹೊಲದ ದುಡ್ಡು ತಗೊಂಡರೆ ಕೆಳಗಿನ ಗದ್ದೆಯ ಎರಡು ವರ್ಷ ನೀರಿಗೆ ಹೋದಂತೆ. ಮತ್ತೆ ಮೊದಲಿನಿಂದ ಎಣಿಕೆ.

“ಬೇಡ ಅಂದುಬಿಡಿ ಮಾವ” ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ತಿಂಗಳ ಕೊನೆಗೆ ಸಂಬಳ ಬೀಳುವವನು ಹಾಗೆ ಹೇಳುವುದು ಸುಲಭ.

ಅವಸರ ಮಾಡಿದವರು, ಕಾದವರು

ಸಾವಯವಕ್ಕೆ ಸಮಯ ಬೇಕು ಅನ್ನೋದನ್ನು ಮರೆತರೆ ಏನಾಗುತ್ತೆ ಅಂತ ಪಕ್ಕದ ದೇಶದಲ್ಲಿ ನೋಡಿದ್ದೇವೆ. ಶ್ರೀಲಂಕಾ ಸರ್ಕಾರ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತು. ರಾತ್ರೋರಾತ್ರಿ ಇಡೀ ದೇಶ ಸಾವಯವ. ಭತ್ತದ ಇಳುವರಿ ಕುಸಿಯಿತು, ಚಹಾ ಬೆಳೆಯೂ ಸೊರಗಿತು, ರೈತರು ಬೀದಿಗಿಳಿದರು. ಅದೇ ವರ್ಷ ನವೆಂಬರ್‌ನಲ್ಲಿ ನಿಷೇಧ ವಾಪಸ್. ಏಳು ತಿಂಗಳ ಕಥೆ.

ಸಿಕ್ಕಿಂ 2003ರಲ್ಲಿ ನಿರ್ಧಾರ ಮಾಡಿತು. ಗೊಬ್ಬರದ ಸಬ್ಸಿಡಿಯನ್ನು ಹಂತಹಂತವಾಗಿ ಇಳಿಸಿತು. ಪೂರ್ತಿ ಸಾವಯವ ರಾಜ್ಯ ಅಂತ ಘೋಷಣೆಯಾದದ್ದು 2016ರ ಜನವರಿಯಲ್ಲಿ, ಸುಮಾರು 75 ಸಾವಿರ ಹೆಕ್ಟೇರ್‌ಗೆ. ಹದಿಮೂರು ವರ್ಷ. ಅಲ್ಲಿಯೂ ಎಲ್ಲ ರೈತರಿಗೆ ಒಳ್ಳೆಯ ಬೆಲೆ ಸಿಕ್ಕಿದೆ ಅಂತಲ್ಲ. ಆದರೆ ಹೊಟ್ಟೆಗೆ ಹೊಡೆತ ಬೀಳಲಿಲ್ಲ.

ಸ್ವಿಟ್ಜರ್ಲೆಂಡ್‌ನಲ್ಲಿ 1978ರಿಂದ ಒಂದೇ ಜಾಗದಲ್ಲಿ ಸಾವಯವ ಮತ್ತು ಸಾಮಾನ್ಯ ಕೃಷಿಯನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದಾರೆ. ಮೊದಲ ಎರಡು ದಶಕದ ಫಲಿತಾಂಶದಲ್ಲಿ ಸಾವಯವದ ಇಳುವರಿ ಸರಾಸರಿ ಶೇ 20ರಷ್ಟು ಕಡಿಮೆ. ಆದರೆ ಬಳಸಿದ ಪೋಷಕಾಂಶ ಅದಕ್ಕಿಂತ ತುಂಬಾ ಕಡಿಮೆ, ಮಣ್ಣಿನಲ್ಲಿ ಎರೆಹುಳ, ಸೂಕ್ಷ್ಮಜೀವಿ ಹೆಚ್ಚು. ‘ಸಾವಯವದಲ್ಲಿ ಇಳುವರಿ ಇನ್ನೂ ಜಾಸ್ತಿ’ ಅನ್ನೋ ವಾಟ್ಸ್ಆ್ಯಪ್ ಮಾತನ್ನೂ, ‘ಸಾವಯವ ಅಂದ್ರೆ ಉಪವಾಸ’ ಅನ್ನೋ ಮಾತನ್ನೂ ಒಟ್ಟಿಗೆ ಪಕ್ಕಕ್ಕಿಡಬಹುದು. ಸ್ವಲ್ಪ ಕಡಿಮೆ ಬರುತ್ತೆ, ನೆಲ ಉಳಿಯುತ್ತೆ. ಅಷ್ಟು ಹೇಳಿದರೆ ಸಾಕು.

ಬಸುರಿ ಗದ್ದೆಗೆ ಊಟ

ಹುಣ್ಣಿಮೆಯ ಹಿಂದಿನ ರಾತ್ರಿ ಊರು ಮಲಗಲೇ ಇಲ್ಲ. ಸೊರಬ, ಸಾಗರದ ದೀವರು ಇದನ್ನು ಭೂಮಿ ಹುಣ್ಣಿಮೆ ಅಂತಾರೆ. ಹಾನಗಲ್ ಕಡೆಯವರಿಗೆ ಸೀಗಿ ಹುಣ್ಣಿಮೆ. ಆನವಟ್ಟಿ ಎರಡಕ್ಕೂ ಗಡಿ, ಹಾಗಾಗಿ ಎರಡು ಹೆಸರೂ ನಡೆಯುತ್ತವೆ. ಭತ್ತ ತೆನೆ ಕಟ್ಟುವ ಹೊತ್ತಿದು. ಗದ್ದೆಯನ್ನು ಬಸುರಿ ಅಂತ ಭಾವಿಸಿ ಬಯಕೆಯ ಊಟ ಕೊಡುವ ಹಬ್ಬ.

ಮಾವನ ಮನೆಯ ಪಕ್ಕದ ದೀವರ ಮನೆಯಲ್ಲಿ ಭೂಮಣ್ಣಿ ಬುಟ್ಟಿ ನೋಡಿದೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಸೂಜಿಯಷ್ಟು ಸಣ್ಣ ಗೆರೆಗಳ ಚಿತ್ತಾರ. ಆ ಮನೆಯ ಅಜ್ಜಿ ಎಷ್ಟೋ ದಿನದಿಂದ ಬರೆದದ್ದು. ನಸುಕಿಗೆ ಮುಂಚೆ ಬುಟ್ಟಿಯಲ್ಲಿ ಅಡುಗೆ ತುಂಬಿ, ದೀವಟಿಗೆ ಹಿಡಿದು ಗದ್ದೆಗೆ ಹೋದರು. ನಾನೂ ಮಾವನೂ ಹಿಂದೆ ಹೋದೆವು. ಹತ್ತಾರು ಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಯ ತುಂಬಾ ಎರಚುತ್ತಾ ಹೋಗುತ್ತಾರೆ. ಪೂಜೆಯಾದ ಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಉಂಡರು. ಒಂದು ಎಡೆ ಇಲಿಗೆ, ಒಂದು ಎಡೆ ಕಾಗೆಗೆ.

ಎರಚಿದ ಅಂಬಲಿಯಲ್ಲಿ ಎಷ್ಟು ಸಾರಜನಕ ಅಂತ ನಾನು ಲೆಕ್ಕ ಹಾಕಲಿಲ್ಲ, ಬಿಡಿ. ಆದರೆ ಒಂದು ಮಾತು ತಲೆಯಲ್ಲಿ ಉಳಿಯಿತು. ಬೆಳೆ ಕೈಗೆ ಬರುವ ಮುಂಚೆ, ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ ಗದ್ದೆಗೆ ಊಟ ಕೊಡುತ್ತಾರೆ. ನಾವು ಬೆಂಗಳೂರಿನವರು ಕೊಡುವುದು ಎಲ್ಲಾ ಮುಗಿದು, ಪ್ಯಾಕ್ ಆಗಿ, ಲೋಗೋ ಬಿದ್ದ ಮೇಲೆ.

ಎಂಟು ಮನೆ, ಒಂದು ಎಕರೆ

ವಾಪಸ್ ಬರುವ ಮುಂಚಿನ ಸಂಜೆ ಮಾವನೂ ನಾನೂ ಜಗಲಿಯಲ್ಲಿ ಕೂತು ಇನ್ನೊಂದು ಲೆಕ್ಕ ಹಾಕಿದೆವು. ಎಕರೆಗೆ 12 ಕ್ವಿಂಟಲ್ ಭತ್ತ ಬಂದರೆ ಗಿರಣಿಯಲ್ಲಿ ಏಳೂವರೆ, ಎಂಟು ಕ್ವಿಂಟಲ್ ಅಕ್ಕಿ. ಬೆಂಗಳೂರಿನ ನಮ್ಮಂಥ ಸಣ್ಣ ಮನೆಗೆ ತಿಂಗಳಿಗೆ 8 ಕೆಜಿ ಸಾಕು. ವರ್ಷಕ್ಕೆ 96. ಎಂಟು ಮನೆ ಸೇರಿದರೆ 768 ಕೆಜಿ. ಎಂಟು ಮನೆಗೆ ಒಂದು ಎಕರೆ. ಎರಡು ಎಕರೆಗೆ ಹದಿನಾರು ಮನೆ. ಒಂದು ಅಪಾರ್ಟ್‌ಮೆಂಟಿನ ಎರಡು ಮಹಡಿ!

ಪರಿವರ್ತನೆಯ ಹಂತದ ಅಕ್ಕಿಯನ್ನು ‘ಸಾವಯವ’ ಅಂತ ಮಾರುವ ಹಾಗಿಲ್ಲ, ಮಾರಲೂಬಾರದು. ಆದರೆ ಇದ್ದದ್ದನ್ನು ಇದ್ದಂತೆ ಹೇಳಿ ಕೊಳ್ಳಬಹುದಲ್ಲ? ‘ಇದು ಎರಡನೇ ವರ್ಷದ ಅಕ್ಕಿ, ಮುಂದಿನ ವರ್ಷ ಪ್ರಮಾಣಪತ್ರ ಬರಬೇಕು’ ಅಂತ. ಅಂಗಡಿಯ ಸಾವಯವ ಅಕ್ಕಿಗೆ ಕೊಡುವುದಕ್ಕಿಂತ ಕಡಿಮೆ, ಮಾಮೂಲಿ ಅಕ್ಕಿಗಿಂತ ಹೆಚ್ಚು. ಅರ್ಧ ದುಡ್ಡು ಈಗಲೇ, ಉಳಿದರ್ಧ ಅಕ್ಕಿ ಬಂದಾಗ. ಮಳೆ ಕೈಕೊಟ್ಟರೆ ಎಲ್ಲರಿಗೂ ಸ್ವಲ್ಪ ಕಡಿಮೆ ಅಕ್ಕಿ.

ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಶುಂಠಿ ದುಡ್ಡಿಗೆ ಇದು ಸಮ ಆಗಂಗಿಲ್ಲ ತಮ್ಮಾ” ಅಂದರು. ನಿಜ, ಆಗುವುದಿಲ್ಲ. “ಆದ್ರ ಮಗಳ ಫೀಜಿಗೆ ಸಾಲ ಮಾಡೋದು ಅರ್ಧಕ್ಕ ಇಳೀತದ. ಸಂಕ್ರಾಂತಿ ಮಟ ನೋಡ್ತೀನಿ. ಶುಂಠಿಯವರಿಗೆ ಅಲ್ಲಿ ಮಟ ಟೈಮ್ ಕೇಳೀನಿ.”

ಬಂದ ಮೇಲೆ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಕೇಳಿದೆ. ಇವತ್ತಿಗೆ ಹನ್ನೊಂದು ಮನೆ ಆಗಿವೆ. ಇಬ್ಬರು ‘ಪಾಲಿಶ್ ಆಗಿರುತ್ತಾ?’ ಅಂತ ಕೇಳಿ ಹಿಂದೆ ಸರಿದರು. ಒಬ್ಬರು ‘ಸರ್ಟಿಫಿಕೇಟ್ ಬಂದ ಮೇಲೆ ಹೇಳಿ’ ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಸರ್ಟಿಫಿಕೇಟ್ ಬಂದ ಮೇಲೆ ಅಂಗಡಿಯವರೇ ಗದ್ದೆ ಹುಡುಕಿಕೊಂಡು ಬರುತ್ತಾರೆ. ಗದ್ದೆ ಅಲ್ಲಿಯವರೆಗೆ ತಲುಪಬೇಕಲ್ಲ.

ನಿಮಗೂ ಊರಲ್ಲಿ ಮಾವನೋ ಚಿಕ್ಕಪ್ಪನೋ ಇದ್ದರೆ ಫೋನ್ ಮಾಡಿದಾಗ ಈ ಮೂರು ಕೇಳಿ ನೋಡಿ. ರಾಸಾಯನಿಕ ನಿಲ್ಲಿಸಿ ಎಷ್ಟು ಮಳೆಗಾಲ ಆಯಿತು? ಗೊಬ್ಬರ ಎಲ್ಲಿಂದ ಬರುತ್ತಿದೆ, ಎಷ್ಟು ದನ ಇವೆ? ಗದ್ದೆಯ ಮೇಲ್ಭಾಗದಲ್ಲಿ ಯಾರ ಹೊಲ, ಅಲ್ಲಿ ಏನು ಬೆಳೆ? ಅಂಗಡಿಯಲ್ಲಿ ಕೊಳ್ಳುವುದಾದರೆ ಜೈವಿಕ್ ಭಾರತ್ ಲೋಗೋ ನೋಡಿ. 2017ರ ನಿಯಮದಂತೆ ಸಾವಯವ ಅಂತ ಪ್ಯಾಕ್ ಮಾಡಿ ಮಾರುವುದಕ್ಕೆ ಅದು ಇರಬೇಕು. ಸಣ್ಣ ರೈತರು ತಾವೇ ನೇರವಾಗಿ ಮಾರಿದರೆ ವಿನಾಯಿತಿ ಇದೆ. ಅಲ್ಲಿ ಲೋಗೋ ಬದಲು ಈ ಮೂರು ಪ್ರಶ್ನೆ.

ಹೋಗುವವರಿಗೆ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಶಿಕಾರಿಪುರ, ಶಿರಾಳಕೊಪ್ಪ ಮಾರ್ಗದ ಬಸ್ ಹಿಡಿಯಬಹುದು. ಹಾವೇರಿಯಲ್ಲಿ ಇಳಿದು ಹಾನಗಲ್ ಮೇಲೆಯೂ ಬರಬಹುದು. ಒಂದು ದಿನ ಬಳ್ಳಿಗಾವಿ, ತಾಳಗುಂದ, ಕೋಟಿಪುರ. ಇನ್ನೊಂದು ದಿನ ಬನವಾಸಿ. ದಾರಿಯಲ್ಲಿ ವರದಾ ನದಿ ಸಿಗುತ್ತದೆ. ಮಳೆಗಾಲದಲ್ಲಿ ಅದು ಉಕ್ಕಿ ಗದ್ದೆಗಳನ್ನು ಮುಳುಗಿಸುತ್ತದೆ. ನೆರೆಯಲ್ಲೂ ನಿಲ್ಲುವ ನೆರೆಗುಳಿ, ಕರಿಜಡ್ಡು ಅನ್ನೋ ಹಳೆಯ ಭತ್ತದ ತಳಿಗಳು ಈ ನದಿ ಬಯಲಿನವು. ಯಾರಾದರೂ ಬೆಳೆದಿದ್ದಾರಾ ಅಂತ ಕೇಳಿ, ಸಿಕ್ಕರೆ ಎರಡು ಕೆಜಿ ತನ್ನಿ.

ಅಕ್ಟೋಬರ್‌ನಲ್ಲಿ ಹೋದರೆ ಗದ್ದೆ ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಬದುವಿನ ಮೇಲೆ ನಡೆಯುವಾಗ ಚಪ್ಪಲಿ ಕೈಯಲ್ಲಿ ಹಿಡಿಯಿರಿ. ಕೊಯ್ಲು ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮಾವನ ಗದ್ದೆಗೆ ಇನ್ನು ಐದು ಮನೆ ಬೇಕು.